ಊರಲ್ಲಿ ಅಪ್ಪ, ಅಮ್ಮ ಇಬ್ಬರೇ, ನಾವು ದೂರ: ಮಳೆಗಾಲಕ್ಕೆ ಮೊದಲು ಏನೇನು ತಯಾರಿ ಮಾಡಿಕೊಂಡಿದ್ದೀರಿ?

ಹೊಸಮನೆ_ಪುಣೆ

ಎಲ್ಲರಿಗೂ ನಮಸ್ಕಾರ. ಮಳೆಗಾಲ ಹತ್ತಿರ ಬಂತು. ಅಪ್ಪ, ಅಮ್ಮ ತೀರ್ಥಹಳ್ಳಿ ತಾಲ್ಲೂಕಿನ ಊರಲ್ಲಿ ಇಬ್ಬರೇ ಇದ್ದಾರೆ. ಅಪ್ಪನಿಗೆ ಎಂಬತ್ತರ ಹತ್ತಿರ. ಬಿಪಿ, ಶುಗರ್ ಎರಡೂ ಇದೆ. ಅಮ್ಮನಿಗೆ ಮಂಡಿನೋವು, ಕಣ್ಣೂ ಸ್ವಲ್ಪ ಮಂಜು. ನಾನು ಪುಣೆಯಲ್ಲಿ, ತಂಗಿ ಅಮೆರಿಕದಲ್ಲಿ.

ಮನೆ ಡಾಂಬರು ರಸ್ತೆಯಿಂದ ಕೆಳಗೆ, ತೋಟದ ಆಚೆ. ನಡುವೆ ಒಂದು ಹಳ್ಳ, ಅದಕ್ಕೊಂದು ಕಾಲುಸಂಕ. ಆಷಾಢದಲ್ಲಿ ಮರ ಬಿದ್ದು ಲೈನ್ ಹರಿದರೆ ಕರೆಂಟು ನಾಲ್ಕೈದು ದಿನ ಬರುವುದಿಲ್ಲ. ಅದರ ಹಿಂದೆಯೇ ಮೊಬೈಲ್ ಟವರೂ ಹೋಗುತ್ತದೆ. ಮಣಿಪಾಲಕ್ಕೆ ಹೋಗಬೇಕೆಂದರೆ ಆಗುಂಬೆ ಘಾಟಿ ಇಳಿಯಬೇಕು. ಅಲ್ಲಿ ಗುಡ್ಡ ಜರಿದರೆ ಶಿವಮೊಗ್ಗಕ್ಕೇ ಹೋಗಬೇಕು.

ನಾನು ಯೋಚನೆ ಮಾಡಿದಷ್ಟೂ ಒಂದೇ ಮಾತಿಗೆ ಬಂದು ನಿಲ್ಲುತ್ತೇನೆ. ಏನಾದರೂ ಆದರೆ ಮೊದಲು ಮನೆಗೆ ಹೋಗುವವರು ನಾವಲ್ಲ. ಪುಣೆಯಿಂದ ಹೊರಟರೂ ಒಂದು ಹಗಲೋ ಒಂದು ರಾತ್ರಿಯೋ ಬೇಕು. ತಂಗಿಗಂತೂ ಎರಡು ದಿನ. ಹಾಗಾದರೆ ಮೊದಲು ಹೋಗುವವರು ಯಾರು? ಅವರ ಕೈಗೆ ಏನೇನು ಸಿಗಬೇಕು? ನಮ್ಮ ತಯಾರಿಯೆಲ್ಲ ಅವರ ಕಡೆಯಿಂದ ಶುರುವಾಗಬೇಕು ಅಂತ ನನಗೆ ಅನ್ನಿಸುತ್ತದೆ. ನಿಮ್ಮ ಮನೆಗಳಲ್ಲಿ ಏನು ಮಾಡಿದ್ದೀರಿ, ದಯವಿಟ್ಟು ವಿವರವಾಗಿ ಬರೆಯಿರಿ.

ಊರಲ್ಲೇ_ಇರೋನು

ಅಣ್ಣಾ, ನೀವು ಕೇಳುತ್ತಿರುವ ಆ ‘ಮೊದಲು ಹೋಗುವವನು’ ನಾನೇ. ಕೊಪ್ಪದ ಹತ್ತಿರದ ಹಳ್ಳಿ ನಮ್ಮದು. ಅಕ್ಕಪಕ್ಕದ ಹೆಚ್ಚಿನ ಮನೆಗಳಲ್ಲಿ ವಯಸ್ಸಾದವರೇ ಇದ್ದಾರೆ. ಮಕ್ಕಳೆಲ್ಲ ಬೆಂಗಳೂರು, ಹೈದರಾಬಾದ್, ವಿದೇಶ. ರಾತ್ರಿ ಫೋನ್ ಬರುವುದು ನನಗೆ, ಇಲ್ಲವೇ ಜೀಪಿನವನಿಗೆ. ಹಾಗಾಗಿ ನಮಗೆ ಏನು ಬೇಕು ಅಂತ ಹೇಳುತ್ತೇನೆ.

ಒಳಗೆ ಹೋಗಲು ದಾರಿ ಬೇಕು. ರಾತ್ರಿ ಹಿಂದೆ ಮುಂದೆ ಎರಡೂ ಬಾಗಿಲಿಗೆ ಒಳಗಿನಿಂದ ಚಿಲಕ, ಮೇಲೊಂದು ಅಗಳಿ. ಬಚ್ಚಲಲ್ಲಿ ಬಿದ್ದವರು ಎದ್ದು ಬಂದು ತೆಗೆಯುವುದು ಹೇಗೆ? ಒಂದು ಬಾಗಿಲಿಗಾದರೂ ಹೊರಗಿನಿಂದ ತೆಗೆಯುವಂಥ ಬೀಗ ಹಾಕಿಸಿ, ಒಂದು ಕೀಲಿ ಪಕ್ಕದ ಮನೆಯಲ್ಲಿ ಕೊಡಿ. ಬಚ್ಚಲು ಮನೆಯ ಒಳಗಿನ ಚಿಲಕ ತೆಗೆಸಿಬಿಡಿ. ನಾಯಿ ಇದ್ದರೆ ನಮ್ಮ ಪರಿಚಯ ಅದಕ್ಕೂ ಇರಬೇಕು.

ಆಮೇಲೆ ಹೊತ್ತುಕೊಂಡು ಬರುವ ಮಾತು. ಆಂಬ್ಯುಲೆನ್ಸ್ ಡಾಂಬರು ರಸ್ತೆವರೆಗೆ ಮಾತ್ರ ಬರುತ್ತದೆ. ಅಲ್ಲಿಂದ ಮನೆಗೆ ಮಳೆಯಲ್ಲಿ ಜೀಪು ಇಳಿದರೆ ಪುಣ್ಯ. ಇಲ್ಲದಿದ್ದರೆ ಕುರ್ಚಿಗೆ ಎರಡು ಬಿದಿರು ಕಟ್ಟಿ ನಾಲ್ಕು ಜನ ಹೊರಬೇಕು. ಅದಕ್ಕೆ ಗಟ್ಟಿ ಮರದ ಕುರ್ಚಿ, ಹಗ್ಗ, ತಲೆಗೆ ಕಟ್ಟುವ ಟಾರ್ಚು, ದೊಡ್ಡ ಪ್ಲಾಸ್ಟಿಕ್ ಶೀಟು ಮನೆಯ ಜಗುಲಿಯಲ್ಲೇ ಇರಲಿ. ಕತ್ತಲೆಯಲ್ಲಿ ಹುಡುಕುತ್ತಾ ಕೂತರೆ ಅರ್ಧ ಗಂಟೆ ಅಲ್ಲೇ ಹೋಗುತ್ತದೆ. ಕಾಲುಸಂಕ ಮಳೆಗಾಲಕ್ಕೆ ಮುಂಚೆ ಹೊಸದಾಗಿ ಕಟ್ಟಿಸಿ. ಅಂಗಳದಲ್ಲಿ ಪಾಚಿ ಕಟ್ಟುವ ಕಡೆ ಅಡಿಕೆ ದಬ್ಬೆ ಹಾಸಿಸಿ. ಬೀಳುವುದು ತಪ್ಪಿದರೆ ಹೊರುವುದೂ ತಪ್ಪುತ್ತದೆ.

ಮೂರನೆಯದು ತುಂಬಾ ಮುಖ್ಯ. ಆಸ್ಪತ್ರೆಯಲ್ಲಿ ಮೊದಲು ಕೇಳುವುದು ‘ಪೇಷೆಂಟ್ ಕಡೆಯವರು ಯಾರು?’ ಅಂತ. ಮೂರು ಮಕ್ಕಳು ಮೂರು ಕಡೆಯಿಂದ ಫೋನ್ ಮಾಡುತ್ತಾರೆ. ಒಬ್ಬರು ಇಲ್ಲೇ ಸೇರಿಸಿ ಅಂತಾರೆ, ಇನ್ನೊಬ್ಬರು ಮಂಗಳೂರಿಗೆ ಕರೆದುಕೊಂಡು ಹೋಗಿ ಅಂತಾರೆ. ನಾವು ಯಾರ ಮಾತು ಕೇಳಬೇಕು? ಒಬ್ಬರು ಮಾತ್ರ ತೀರ್ಮಾನ ಹೇಳುವವರು, ಅವರು ಸಿಗದಿದ್ದರೆ ಮುಂದಿನವರು ಯಾರು ಅಂತ ಮೊದಲೇ ಹೇಳಿಡಿ. ‘ನಾವು ಯಾರೂ ಫೋನಿಗೆ ಸಿಗದಿದ್ದರೆ ನಿಮಗೆ ಸರಿ ಕಂಡಂತೆ ಮಾಡಿ, ಆಮೇಲೆ ಯಾರೂ ಒಂದು ಮಾತೂ ಕೇಳುವುದಿಲ್ಲ’ ಅಂತ ಬಾಯಿಬಿಟ್ಟು ಹೇಳಿ. ಆ ಒಂದು ಮಾತು ನಮಗೆ ಎಷ್ಟು ಧೈರ್ಯ ಕೊಡುತ್ತದೆ ಗೊತ್ತಾ?

ಜೀಪಿನವನಿಗೆ, ಹೊರಲು ಬಂದ ಹುಡುಗರಿಗೆ ಖರ್ಚು ನಾವು ಕೈಯಿಂದ ಹಾಕುತ್ತೇವೆ. ಅವರು ಕೇಳುವುದಿಲ್ಲ. ನೀವೇ ನೆನಪಿಟ್ಟು ಮಾರನೇ ದಿನ ಕಳಿಸಿ. ಮನೆಯಲ್ಲಿ ಒಂದು ಲಕೋಟೆಯಲ್ಲಿ ಸ್ವಲ್ಪ ನಗದು ಇಟ್ಟರೆ ಇನ್ನೂ ಒಳ್ಳೆಯದು. ಟವರ್ ಇಲ್ಲದಾಗ ಫೋನ್ ಪೇ ನಡೆಯುವುದಿಲ್ಲ.

ಬಿಳಿ_ಕೋಟು

ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತೇನೆ. ಮೇಲಿನ ಅಣ್ಣನಂಥವರು ನಮ್ಮ ಹತ್ತಿರ ಪೇಷೆಂಟನ್ನು ಕರೆತರುತ್ತಾರೆ. ‘ಏನು ಮಾತ್ರೆ ತಗೊಳ್ತಾರೆ?’ ಅಂದರೆ ‘ಒಂದು ಬಿಳಿದು, ಒಂದು ಗುಲಾಬಿ’ ಅಂತಾರೆ. ಪಾಪ, ಅವರಿಗೆ ಹೇಗೆ ಗೊತ್ತಿರಬೇಕು?

ಒಂದೇ ಹಾಳೆ ಮಾಡಿ. ಕನ್ನಡದಲ್ಲೇ ಬರೆಯಿರಿ, ಮಾತ್ರೆಯ ಹೆಸರು ಮಾತ್ರ ಸ್ಟ್ರಿಪ್‌ನಲ್ಲಿ ಇದ್ದ ಹಾಗೆ ಇಂಗ್ಲಿಷಿನಲ್ಲಿ ಇರಲಿ. ಹೆಸರು, ವಯಸ್ಸು, ಕಾಯಿಲೆ, ಆಗಿರುವ ಆಪರೇಷನ್, ಯಾವ ಔಷಧಿ ಆಗಿಬರುವುದಿಲ್ಲ, ಯಾವ ಡಾಕ್ಟರು ನೋಡುತ್ತಾರೆ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಎಲ್ಲಕ್ಕಿಂತ ಮೇಲೆ, ಕೆಂಪಕ್ಷರದಲ್ಲಿ. ತಲೆಗೆ ಪೆಟ್ಟಾದಾಗ, ಆಪರೇಷನ್ ಬೇಕಾದಾಗ ನಮಗೆ ಮೊದಲು ಬೇಕಾದ ವಿಷಯ ಅದು. ಹಾಳೆಯ ಜೊತೆ ಹಳೆಯ ಇಸಿಜಿ ಒಂದು ಇರಲಿ. ಹೊಸ ಇಸಿಜಿಯಲ್ಲಿ ಏನು ಬದಲಾಗಿದೆ ಅಂತ ಡಾಕ್ಟರಿಗೆ ಬೇಗ ಗೊತ್ತಾಗುತ್ತದೆ. ಎಲ್ಲ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿ. ಬೀರುವಿನಲ್ಲಿ ಬೇಡ.

ಇನ್ನೊಂದು ವಿಷಯ. ದೂರದಲ್ಲಿರುವ ಮಕ್ಕಳು ದೊಡ್ಡ ಆಸ್ಪತ್ರೆಗೇ ಹೋಗಲಿ ಅಂತ ಹಟ ಮಾಡುತ್ತಾರೆ. ಎದೆನೋವು ಬಂದರೆ ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಬನ್ನಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ದೊಡ್ಡ ಹೃದ್ರೋಗ ಕೇಂದ್ರದ ತಜ್ಞರಿಗೆ ಕಳಿಸಿ, ಅವರು ಹೇಳಿದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಅದಾದ ಮೇಲೆ ಘಾಟಿ ಇಳಿಯಬಹುದು. ನಿಮ್ಮ ತಾಲ್ಲೂಕಿನಲ್ಲಿ ಇದು ಇದೆಯಾ ಅಂತ ಈಗಲೇ ಹೋಗಿ ಕೇಳಿಕೊಂಡು ಬನ್ನಿ.

ಲಕ್ವ ಹೊಡೆದರೆ ಲೆಕ್ಕ ಬೇರೆ. ಬಾಯಿ ಓರೆ, ಒಂದು ಕೈ ಎತ್ತಲು ಆಗದು, ಮಾತು ತೊದಲು. ಇದರಲ್ಲಿ ಒಂದು ಕಂಡರೂ ಸಾಕು. ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ ಸಮಯ. ಆದರೆ ಅದಕ್ಕೆ ಮೊದಲು ಸಿಟಿ ಸ್ಕ್ಯಾನ್ ಆಗಲೇಬೇಕು. ಹಾಗಾಗಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಬೇಕು. ಎಲ್ಲ ತಾಲ್ಲೂಕುಗಳಲ್ಲೂ ಸ್ಕ್ಯಾನ್ ಇರುವುದಿಲ್ಲ. ನಿಮ್ಮ ಕಡೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಇದೆ. ‘ಕೊನೆಯ ಸಲ ಸರಿಯಾಗಿ ಇದ್ದದ್ದು ಎಷ್ಟು ಗಂಟೆಗೆ?’ ಅಂತ ಕೇಳುತ್ತೇವೆ. ನೋಡಿದವರು ಗಡಿಯಾರ ನೋಡಿಟ್ಟುಕೊಳ್ಳಬೇಕು.

ಶುಗರ್ ಇರುವವರು ಬೆವರುತ್ತಾ, ತಡವರಿಸುತ್ತಾ ಇದ್ದರೆ ಶುಗರ್ ಇಳಿದಿರಬಹುದು. ಎಚ್ಚರ ಇದ್ದು, ನುಂಗಲು ಆದರೆ ಸಕ್ಕರೆ ನೀರು ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಬಿದ್ದು ಸೊಂಟದ ಹತ್ತಿರ ನೋವು, ಕಾಲು ಊರಲು ಆಗುತ್ತಿಲ್ಲ ಅಂದರೆ ಎಣ್ಣೆ ತಿಕ್ಕುತ್ತಾ ಮನೆಯಲ್ಲಿ ಮಲಗಿಸಬೇಡಿ. ವಯಸ್ಸಾದವರ ಸೊಂಟದ ಮೂಳೆ ಮುರಿದರೆ ಒಂದೆರಡು ದಿನದೊಳಗೆ ಆಪರೇಷನ್ ಆದರೆ ಒಳ್ಳೆಯದು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಯಾವುದೂ ಬೇಡ. ಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಬನ್ನಿ.

ಹೊಸಮನೆ_ಪುಣೆ

ಸಿಸ್ಟರ್, ತುಂಬಾ ಉಪಕಾರ ಆಯಿತು. ಎದೆನೋವಿಗೆ ಒಂದು ದಾರಿ, ಲಕ್ವಕ್ಕೆ ಇನ್ನೊಂದು ದಾರಿ ಅಂತ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಇದನ್ನು ಆ ಹಾಳೆಯ ಹಿಂಬದಿಯಲ್ಲೇ ಬರೆಸುತ್ತೇನೆ.

ಒಂದು ಸಂಶಯ. ಅಮ್ಮ ಗಾಬರಿಯಲ್ಲಿ ನನಗೇ ಫೋನ್ ಮಾಡುತ್ತಾರೆ. ಆಗ ನಾನು ಪುಣೆಯಿಂದ 108ಕ್ಕೆ ಮಾಡಿದರೆ ಊರಿಗೆ ಗಾಡಿ ಬರುತ್ತದಾ?

ಕುಂದಾಪ್ರ_ಕುವೈತ್

ಸರ್, ಬರುವುದಿಲ್ಲ ಅಂತಲೇ ತಿಳಿದುಕೊಳ್ಳಿ. ಪುಣೆಯಿಂದ 108 ಒತ್ತಿದರೆ ಮಹಾರಾಷ್ಟ್ರದ ಕಾಲ್ ಸೆಂಟರಿಗೆ ಹೋಗುತ್ತದೆ. 112ರದ್ದೂ ಅದೇ ಕಥೆ, ನೀವು ನಿಂತ ಜಾಗದ ಪೊಲೀಸರಿಗೆ ಹೋಗುತ್ತದೆ. ನನ್ನಂಥ ವಿದೇಶದವರಿಗಂತೂ ಆ ನಂಬರುಗಳು ಉಪಯೋಗಕ್ಕೇ ಇಲ್ಲ. ಬೆಂಗಳೂರಿನಲ್ಲಿ ಇದ್ದವರು ಮಾಡಿದರೆ ರಾಜ್ಯದ 108ಕ್ಕೇ ಹೋಗುತ್ತದೆ, ತಾಲ್ಲೂಕು, ಹಳ್ಳಿ ಹೇಳಿದರೆ ಸಾಕು. ಹಾಗಾಗಿ ನಾನು ಬೆಂಗಳೂರಿನ ಭಾವನನ್ನು ಇದಕ್ಕೆ ನೇಮಿಸಿದ್ದೇನೆ.

ನನ್ನ ಫೋನಿನಲ್ಲಿ ಮೂರು ಅಂಕಿಯ ನಂಬರ್ ಬಿಟ್ಟು ಪೂರ್ತಿ ನಂಬರುಗಳು ಇವೆ. ಎಸ್‌ಟಿಡಿ ಕೋಡ್ ಸಮೇತ ಪೊಲೀಸ್ ಠಾಣೆ, ತಾಲ್ಲೂಕು ಆಸ್ಪತ್ರೆ, ಜಿಲ್ಲಾಧಿಕಾರಿ ಕಚೇರಿಯ ಕಂಟ್ರೋಲ್ ರೂಮ್, ಊರಿನ ಇಬ್ಬರು ಆಂಬ್ಯುಲೆನ್ಸ್ ಡ್ರೈವರುಗಳು, ಆಟೋದವರು, ಲೈನ್‌ಮ್ಯಾನ್, ಆಶಾ ಕಾರ್ಯಕರ್ತೆ, ಪಂಚಾಯ್ತಿ ಮೆಂಬರ್. ಮುಂದೆ +91 ಹಾಕಿಯೇ ಸೇವ್ ಮಾಡಿದ್ದೇನೆ. ರಜೆಗೆ ಹೋದಾಗ ಎಲ್ಲರನ್ನೂ ಮುಖತಃ ಮಾತಾಡಿಸಿ ಬಂದೆ. ಆಶಾ ಅಕ್ಕ ಮನೆಮನೆಗೆ ಹೋಗುವವರು. ಅವರಿಗೆ ಗೊತ್ತಿಲ್ಲದ ಹಿರಿಯರು ಹಳ್ಳಿಯಲ್ಲಿ ಇರುವುದಿಲ್ಲ.

ಫೋನಿನ ವಿಷಯ. ಹಳೆಯ ತಾಮ್ರದ ತಂತಿಯ ಬಿಎಸ್ಸೆನ್ನೆಲ್ ಲ್ಯಾಂಡ್‌ಲೈನ್ ಇದ್ದರೆ ತೆಗೆಸಬೇಡಿ. ಅದಕ್ಕೆ ಕರೆಂಟು ಎಕ್ಸ್‌ಚೇಂಜಿನಿಂದಲೇ ಬರುತ್ತದೆ, ಮನೆಯಲ್ಲಿ ಕರೆಂಟು ಹೋದರೂ ನಡೆಯುತ್ತದೆ. ಫೈಬರ್ ಆದರೆ ಮನೆಯ ಪೆಟ್ಟಿಗೆಗೆ ಕರೆಂಟು ಬೇಕು, ಅದಕ್ಕೆ ಸಣ್ಣ ಯುಪಿಎಸ್ ಹಾಕಿಸಿ. ಎರಡು ಬೇರೆ ಕಂಪನಿಯ ಸಿಮ್ ಇರಲಿ. ಬಟನ್ ಫೋನ್ ಒಂದು ಚಾರ್ಜ್ ಮಾಡಿಟ್ಟರೆ ದಿನಗಟ್ಟಲೆ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಯಾವ ಫೋನೂ ತಾಗುವುದಿಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆದಾಗ ಇಲ್ಲಿ ಕೂತು ಕರಾವಳಿಯವರೆಲ್ಲ ಎಷ್ಟು ಒದ್ದಾಡಿದೆವು. ಅದಕ್ಕೇ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಬೆಳಿಗ್ಗೆ ಕಾಫಿ ಹೊತ್ತಿಗೆ ಅಮ್ಮನ ಫೋನ್ ಬರಬೇಕು. ಮಧ್ಯಾಹ್ನದವರೆಗೆ ಬರದಿದ್ದರೆ ಹಾಲು ಡೈರಿಯ ಅಣ್ಣ ಮನೆಗೆ ಹೋಗಿ ನೋಡುತ್ತಾರೆ. ನೋಡಿ ಬಂದು, ಸಿಗ್ನಲ್ ಇರುವ ಗುಡ್ಡದ ಮೇಲೆ ನಿಂತು ನನಗೆ ಒಂದು ಮೆಸೇಜ್ ಹಾಕುತ್ತಾರೆ. ಇದು ಇರುವುದರಿಂದ ಅಮ್ಮನಿಗೂ ನೆಮ್ಮದಿ.

ಮನೆಯ ಜಗುಲಿಯಲ್ಲಿ ಕ್ಯಾಮೆರಾ ಕೂಡ ಹಾಕಿಸಿದ್ದೇನೆ. ಎಲ್ಲರೂ ಹಾಕಿಸಿ ಅಂತ ನನ್ನ ಸಲಹೆ.

ತೋಟದಮನೆ_ಮಗಳು

ಕ್ಯಾಮೆರಾ ವಿಷಯದಲ್ಲಿ ನನ್ನ ಮಾತು ಬೇರೆ. ನಮ್ಮಣ್ಣ ಹಾಲ್‌ನಲ್ಲಿ ಹಾಕಿಸಿದ. ಅಂದಿನಿಂದ ಅಮ್ಮ ಮಧ್ಯಾಹ್ನ ಹಾಲ್‌ನಲ್ಲಿ ಮಲಗುವುದನ್ನೇ ಬಿಟ್ಟರು. ಸೆಖೆ ಇದ್ದರೂ ಸೆರಗು ಹೊದ್ದು ಕೂರುತ್ತಿದ್ದರು. ಕೇಳಿದರೆ ‘ಅವನು ನೋಡ್ತಾ ಇರ್ತಾನಲ್ಲ’ ಅಂದರು. ಅವರ ಸ್ವಂತ ಮನೆಯಲ್ಲಿ ಅವರು ಮುದುಡಿ ಕೂರುವಂತೆ ಮಾಡುವುದು ಸರಿಯಾ? ಅದೂ ಅಲ್ಲದೆ ಕರೆಂಟು, ನೆಟ್ ಹೋದ ದಿನವೇ ಅಲ್ವಾ ನಮಗೆ ಭಯ? ಆ ದಿನ ಕ್ಯಾಮೆರಾನೂ ಇರುವುದಿಲ್ಲ.

ಆ ದುಡ್ಡಿನಲ್ಲಿ ಬಚ್ಚಲಿಗೆ ಹಿಡಿಕೆ, ಜಾರದ ಮ್ಯಾಟು, ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿ ಉರಿಯುವ ಸಣ್ಣ ಚಾರ್ಜಿಂಗ್ ಲೈಟು ಹಾಕಿಸಿ.

ಕುಂದಾಪ್ರ_ಕುವೈತ್

ಮೇಡಂ, ನಿಮ್ಮ ಮಾತು ಒಪ್ಪುತ್ತೇನೆ. ನಮ್ಮದು ಹೊರಗಿನ ಜಗುಲಿಗೆ ಮಾತ್ರ, ಅಮ್ಮನನ್ನು ಕೇಳಿಯೇ ಹಾಕಿಸಿದ್ದು. ಬೇಡ ಅನ್ನಿಸಿದಾಗ ಆರಿಸುವ ಸ್ವಿಚ್ಚು ಅವರ ಕೈಯಲ್ಲೇ ಇದೆ. ಒಳಗೆ ಬೇಡ, ಕೇಳದೆ ಬೇಡ. ಅಷ್ಟು ತಿದ್ದಿಕೊಂಡು ಓದಿ ಎಲ್ಲರೂ.

ಮಲಪ್ರಭಾ_ದಂಡೆ

ನಮ್ಮದು ಬಾಗಲಕೋಟೆ ಜಿಲ್ಲೆ, ಬಾದಾಮಿ ತಾಲ್ಲೂಕು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಾಗ ಊರೊಳಗೆ ಹೊಳೆ ಬಂತು. ನಾನು ಬೆಂಗಳೂರಿನಲ್ಲಿ ಇದ್ದೆ. ಊರು ಬಿಡಿ ಅಂತ ಡಂಗುರ ಸಾರಿದ್ದರು. ಅಪ್ಪ ಹೊರಡಲಿಲ್ಲ. ಫೋನಿನಲ್ಲಿ ಎಷ್ಟು ಹೇಳಿದರೂ ಒಂದೇ ಮಾತು, ‘ದನಾ ಕಟ್ಟಿಹಾಕಿ ನಾ ಎಲ್ಲಿಗೆ ಬರ್ಲಿ? ಅವಕ್ಕ ಯಾರದಾರ?’

ದೂರದಲ್ಲಿ ಇರುವವರಿಗೆ ಇದು ಹಟ ಅನ್ನಿಸುತ್ತದೆ. ಹಟ ಅಲ್ಲ ಅದು. ಎರಡು ಎತ್ತು, ಒಂದು ಎಮ್ಮೆ ಅವರ ಮನೆಮಂದಿ ಇದ್ದ ಹಾಗೆ. ಕಡೆಗೆ ಎತ್ತರದ ಗುಡಿಯ ಬಯಲಿಗೆ ದನ ಹೊಡೆದುಕೊಂಡು ಹೋಗಲು ಕಾಕಾನ ಮಗ ಒಪ್ಪಿದ ಮೇಲೆಯೇ ಅಪ್ಪ ಎದ್ದದ್ದು.

ಈಗ ಪ್ರತಿ ವರ್ಷ ಮೊದಲು ದನದ ವ್ಯವಸ್ಥೆ ಮಾತಾಡುತ್ತೇವೆ. ಯಾರ ಟ್ರ್ಯಾಕ್ಟರು, ಎಲ್ಲಿ ಕಟ್ಟುವುದು, ಮೇವು ಎಲ್ಲಿದೆ. ಆಮೇಲೆ ಅಪ್ಪ, ಅವ್ವ ಗಂಜಿ ಕೇಂದ್ರಕ್ಕೆ ಹೋಗುತ್ತಾರೋ, ಇಳಕಲ್ಲಿನ ಅಕ್ಕನ ಮನೆಗೋ ಅನ್ನುವ ಮಾತು. ಗಂಜಿ ಕೇಂದ್ರದಲ್ಲಿ ನೆಲದ ಮೇಲೆ ಮಲಗಬೇಕು, ಶೌಚಾಲಯಕ್ಕೆ ಸಾಲು. ಮಂಡಿನೋವು ಇರುವವರಿಗೆ ಎರಡು ರಾತ್ರಿ ಅಂದರೆ ಬಹಳ ಕಷ್ಟ. ಹಾಗಾಗಿ ನೆಂಟರ ಮನೆ ಗೊತ್ತುಮಾಡಿ ಇಡುವುದು ಒಳ್ಳೆಯದು.

ಕಾಗದಪತ್ರದ ಬಗ್ಗೆಯೂ ಹೇಳಬೇಕು. ಆಧಾರ್, ರೇಷನ್ ಕಾರ್ಡ್, ಪಹಣಿ, ಬ್ಯಾಂಕ್ ಪಾಸ್‌ಬುಕ್, ಇನ್ಶೂರೆನ್ಸ್. ಒಂದು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಟ್ಟದ ಮೇಲೆ. ಮನೆ ಬಿದ್ದ ಪರಿಹಾರಕ್ಕೆ ಇವೇ ಬೇಕಾಗುವುದು. ಎಲ್ಲದರ ಫೋಟೋ ಮಕ್ಕಳ ಹತ್ತಿರ ಇರಲಿ. ಮನೆಯ ಒಳಗೆ ಹೊರಗೆ ಫೋಟೋ ತೆಗೆದಿಡಿ. ನೀರು ಇಳಿದ ಮೇಲೆ ಸರ್ವೆಗೆ ಬಂದವರಿಗೆ ಮೊದಲು ಹೇಗಿತ್ತು ಅಂತ ತೋರಿಸಬಹುದು.

ಊರಲ್ಲೇ_ಇರೋನು

ದನದ ಮಾತು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮಲ್ಲಿ ಆಸ್ಪತ್ರೆಗೆ ಹೊರಡುವಾಗಲೂ ಅದೇ. ಅಜ್ಜಿ ನೋವಿನಲ್ಲಿ ನರಳುತ್ತಾ ‘ಹಾಲು ಕರೆಯುವವರು ಯಾರು?’ ಅಂತ ಕೇಳುತ್ತಾರೆ. ‘ನಾನು ಕರೆಯುತ್ತೇನೆ, ನೀವು ಹೊರಡಿ’ ಅಂದ ಮೇಲೆಯೇ ಹೊರಡುವುದು. ಕೊಟ್ಟಿಗೆ ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು ನಿಮ್ಮ ಆ ಹಾಳೆಯಲ್ಲಿ ಬರೆಯಿರಿ ಅಣ್ಣಾ.

ಪಾಸ್‌ಬುಕ್_ರಾಯರು

ನಾನು ಬ್ಯಾಂಕಿನಿಂದ ನಿವೃತ್ತನಾದವನು. ಕೌಂಟರಿನ ಈಚೆ ಕೂತು ಇಂಥ ಮಕ್ಕಳನ್ನು ತುಂಬಾ ನೋಡಿದ್ದೇನೆ. ಅಪ್ಪ ಐಸಿಯುನಲ್ಲಿ, ದುಡ್ಡು ಅಪ್ಪನ ಖಾತೆಯಲ್ಲಿ, ತೆಗೆಯಲು ದಾರಿ ಇಲ್ಲ. ಮಕ್ಕಳು ಅಳುತ್ತಾರೆ. ನಮಗೂ ಕರುಳು ಹಿಂಡುತ್ತದೆ, ಆದರೆ ಕಾನೂನು ಮೀರಲು ಆಗುವುದಿಲ್ಲ.

ಎಲ್ಲರೂ ‘ನಾಮಿನಿ ಇದ್ದಾರಲ್ಲ’ ಅಂತಾರೆ. ನಾಮಿನಿಗೆ ಹಕ್ಕು ಬರುವುದು ಖಾತೆದಾರರು ತೀರಿಕೊಂಡ ಮೇಲೆ. ಬದುಕಿದ್ದಾಗ ಒಂದು ರೂಪಾಯಿ ತೆಗೆಯಲು ಆಗದು. ಇನ್ನು ಕೆಲವರು ‘ಪವರ್ ಆಫ್ ಅಟಾರ್ನಿ ಇದೆ’ ಅಂತಾರೆ. ಇದು ತುಂಬಾ ಜನರಿಗೆ ಗೊತ್ತಿಲ್ಲದ ವಿಷಯ, ಗಮನವಿಟ್ಟು ಓದಿ. ನಮ್ಮ ದೇಶದಲ್ಲಿ ಮಾಮೂಲಿ ಪವರ್ ಆಫ್ ಅಟಾರ್ನಿ, ಕೊಟ್ಟವರ ಬುದ್ಧಿ ಸ್ವಾಧೀನದಲ್ಲಿ ಇರುವವರೆಗೆ ಮಾತ್ರ ನಡೆಯುತ್ತದೆ. ಅವರು ಕೋಮಾಕ್ಕೆ ಹೋದರೆ ಅಥವಾ ಮರೆವು ಪೂರ್ತಿ ಆವರಿಸಿದರೆ ಆ ಪತ್ರಕ್ಕೆ ಬಲ ಇರುವುದಿಲ್ಲ. ಯಾವಾಗ ಬೇಕೋ ಆಗಲೇ ಅದು ಕೈಕೊಡುತ್ತದೆ. ಕೋಮಾದಲ್ಲಿ ಇರುವವರ ಖಾತೆ ನಡೆಸಲು ಮನೆಯವರು ಹೈಕೋರ್ಟಿಗೆ ಹೋಗಿ ಅನುಮತಿ ತಂದ ಪ್ರಕರಣಗಳು ಇವೆ.

ಸುಲಭ ದಾರಿ ಜಂಟಿ ಖಾತೆ, ‘ಐದರ್ ಆರ್ ಸರ್ವೈವರ್’ ಅಂತ. ಇಬ್ಬರಲ್ಲಿ ಯಾರು ಸಹಿ ಹಾಕಿದರೂ ನಡೆಯುತ್ತದೆ. ಮೊದಲು ಅಪ್ಪ, ಅಮ್ಮನ ಖಾತೆಯನ್ನೇ ಹೀಗೆ ಮಾಡಿಸಿ. ತುಂಬಾ ಮನೆಗಳಲ್ಲಿ ಪೂರ್ತಿ ದುಡ್ಡು ಅಪ್ಪನ ಹೆಸರಲ್ಲೇ ಇರುತ್ತದೆ, ಅಮ್ಮನಿಗೆ ಚೆಕ್ ಬರೆಯಲೂ ಬರುವುದಿಲ್ಲ. ಎಫ್‌ಡಿಯಲ್ಲೂ ಅದೇ ಷರತ್ತು ಬರೆಸಿ, ಅವಧಿಗೆ ಮೊದಲು ಒಬ್ಬರೇ ಮುರಿಸಬಹುದಾ ಅಂತ ಬ್ಯಾಂಕಿನಲ್ಲಿ ಕೇಳಿ ಬರೆದುಕೊಡಿ. ಊರಿನ ಹತ್ತಿರ ಇರುವ ನಂಬಿಕೆಯ ನೆಂಟರ ಜೊತೆ ಬೇರೆಯೇ ಒಂದು ಸಣ್ಣ ಖಾತೆ ತೆರೆಯಬಹುದು. ಆಸ್ಪತ್ರೆಯ ಅಡ್ವಾನ್ಸಿಗೆ ಆಗುವಷ್ಟು ಮಾತ್ರ ಅದರಲ್ಲಿ ಇಡಿ. ದೊಡ್ಡ ಮೊತ್ತ ಬೇಡ, ನಂಬಿಕೆಯೂ ಉಳಿಯುತ್ತದೆ.

ಕಾಯಿಲೆಯಿಂದ ಸಹಿ ಹಾಕಲು ಆಗದೆ, ಬ್ಯಾಂಕಿಗೆ ಬರಲೂ ಆಗದೆ ಇದ್ದರೆ ಹೆಬ್ಬೆಟ್ಟು ನಡೆಯುತ್ತದೆ. ಇಬ್ಬರು ಸಾಕ್ಷಿ ಬೇಕು, ಅದರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿ ಇರುವ ಅಧಿಕಾರಿ ಆಗಿರಬೇಕು. ಇದು ರಿಸರ್ವ್ ಬ್ಯಾಂಕಿನ ನಿಯಮ. ಶಾಖೆಯಲ್ಲಿ ಮ್ಯಾನೇಜರರನ್ನು ವಿನಯದಿಂದ ಕೇಳಿ.

ಆರೋಗ್ಯ ವಿಮೆ ಇದ್ದರೆ ಕಾರ್ಡಿನ ಎರಡೂ ಬದಿಯ ಫೋಟೋ ಪಕ್ಕದ ಮನೆಯವರ ಫೋನಿನಲ್ಲಿ ಇರಲಿ. ಏಕಾಏಕಿ ಅಡ್ಮಿಟ್ ಆದಾಗ ಹೆಚ್ಚಿನ ಪಾಲಿಸಿಗಳಲ್ಲಿ 24 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಈ ಕೆಲಸ ದೂರದಿಂದಲೇ ಮಾಡಬಹುದು, ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಕ್ಯಾಶ್‌ಲೆಸ್ ಅರ್ಜಿಗೆ 1 ಗಂಟೆಯೊಳಗೆ, ಡಿಸ್ಚಾರ್ಜಿಗೆ 3 ಗಂಟೆಯೊಳಗೆ ಉತ್ತರ ಕೊಡಬೇಕು ಅಂತ 2024ರಲ್ಲಿ ವಿಮಾ ಕಂಪನಿಗಳ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಹೇಳಿದೆ. ತಡ ಆದರೆ ಅದನ್ನೇ ಹಿಡಿದು ಕೇಳಿ. ನಿಮ್ಮ ಊರಿನ ಹತ್ತಿರದ ಯಾವ ಆಸ್ಪತ್ರೆ ಆ ಕಂಪನಿಯ ಪಟ್ಟಿಯಲ್ಲಿದೆ ಅಂತ ಈಗಲೇ ನೋಡಿಡಿ.

ತೋಟದಮನೆ_ಮಗಳು

ರಾಯರೇ, ಐಸಿಯು ಮಾತು ಬಂದಿದ್ದಕ್ಕೆ ಒಂದು ವಿಷಯ ಬರೆಯುತ್ತೇನೆ. ಬರೆಯಲು ಕಷ್ಟ, ಆದರೂ ಬರೆಯಬೇಕು.

ವೆಂಟಿಲೇಟರ್ ಹಾಕಬೇಕಾ, ಬೇಡವಾ ಅಂತ ಕೇಳಿದಾಗ ದೂರದ ಮಕ್ಕಳು ಏನು ಹೇಳುತ್ತಾರೆ? ಹಾಕಿ ಅಂತಲೇ ಹೇಳುತ್ತಾರೆ. ಪಕ್ಕದಲ್ಲಿ ಇಲ್ಲವಲ್ಲ ಅನ್ನುವ ನೋವು ಹಾಗೆ ಹೇಳಿಸುತ್ತದೆ. ಅಪ್ಪನಿಗೆ ಏನು ಬೇಕಿತ್ತು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಸುಪ್ರೀಂ ಕೋರ್ಟು 2018ರಲ್ಲಿ ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ, ಅಂದರೆ ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡುವ ಪತ್ರಕ್ಕೆ, ಒಪ್ಪಿಗೆ ಕೊಟ್ಟಿತು. 2023ರಲ್ಲಿ ಅದನ್ನು ಸುಲಭ ಮಾಡಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಹತ್ತಿರ ದೃಢೀಕರಿಸಿದರೆ ಸಾಕು. ತನಗೆ ಮಾತು ನಿಂತಾಗ ಯಾರು ತೀರ್ಮಾನ ಮಾಡಬೇಕು ಅಂತಲೂ ಅದರಲ್ಲೇ ಬರೆಯಬಹುದು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದನ್ನು ಜಾರಿ ಮಾಡಲು ಆದೇಶ ಹೊರಡಿಸಿದೆ. ಅಪ್ಪ ಬರೆಸಿದ್ದಾರೆ. ‘ವಾಸಿ ಆಗುವ ಹಾಗಿದ್ದರೆ ಎಲ್ಲ ಮಾಡಿ. ಆಗುವುದಿಲ್ಲ ಅಂತ ಡಾಕ್ಟರು ಹೇಳಿದರೆ ಮನೆಗೆ ಕರೆದುಕೊಂಡು ಬನ್ನಿ’ ಅಂದರು. ಈ ಮಾತು ಅವರೇ ಶುರು ಮಾಡಿದ್ದು, ನಾನಲ್ಲ. ಅವರು ಎಷ್ಟು ಹಗುರಾದರು ಅಂತ ನನಗೆ ಕಂಡಿತು.

ಜಯನಗರ_ನಾಲ್ಕನೇ_ಬ್ಲಾಕ್

ಎಲ್ಲ ಓದಿದೆ. ಒಂದು ಮಾತು ಕೇಳಲಾ? ಇಷ್ಟು ಕಷ್ಟಪಡುವ ಬದಲು ಅವರನ್ನು ಬೆಂಗಳೂರಿಗೆ ಕರೆದುಕೊಂಡು ಬರಬಾರದಾ?

ಹೊಸಮನೆ_ಪುಣೆ

ಕೇಳಿದ್ದು ತಪ್ಪಲ್ಲ ಸರ್. ಕರೆದುಕೊಂಡು ಬಂದಿದ್ದೆವು. ಅಪ್ಪನಿಗೆ ಪುಣೆಯಲ್ಲಿ ಮಾತಾಡಲು ಜನ ಇಲ್ಲ, ಭಾಷೆ ಇಲ್ಲ. ಬೆಳಿಗ್ಗೆ ಎದ್ದು ಬಾಲ್ಕನಿಯಲ್ಲಿ ನಿಂತುಬಿಡುತ್ತಿದ್ದರು. ಊರಲ್ಲಿ ಅದೇ ಹೊತ್ತಿಗೆ ತೋಟಕ್ಕೆ ಒಂದು ಸುತ್ತು ಹೋಗಿ ಬರುತ್ತಾರೆ. ಆ ನಡಿಗೆಯೇ ಅವರ ಶುಗರ್ ಹಿಡಿತದಲ್ಲಿ ಇಟ್ಟಿರುವುದು. ಅವರು ಅಲ್ಲೇ ಇರಬೇಕು ಅನ್ನುವುದು ಅವರ ತೀರ್ಮಾನ. ಅದನ್ನು ಸುರಕ್ಷಿತ ಮಾಡುವುದು ನಮ್ಮ ಕೆಲಸ.

ಪಾಸ್‌ಬುಕ್_ರಾಯರು

ಬೆಂಗಳೂರಿನಲ್ಲೂ ಒಬ್ಬರೇ ಇರುವ ಹಿರಿಯರು ಎಷ್ಟೋ ಜನ. ನಮ್ಮ ಬೀದಿಯಲ್ಲೇ ಇದ್ದಾರೆ. ಅವರಿಗೂ ಇಲ್ಲಿ ಬರೆದ ಬೀಗ, ಹಾಳೆ, ಬ್ಯಾಂಕ್ ಎಲ್ಲ ಅನ್ವಯಿಸುತ್ತದೆ. ಅಪಾರ್ಟ್‌ಮೆಂಟ್ ಆದರೆ ಸೆಕ್ಯುರಿಟಿಯವರಿಗೂ ಹೇಳಿಡಿ. ನಗರದಲ್ಲಿ ಪೊಲೀಸರ ಜೊತೆ ನಡೆಯುವ ಹಿರಿಯರ ಸಹಾಯವಾಣಿ 1090 ಇದೆ. ದೇಶಕ್ಕೆಲ್ಲ 14567 ಇದೆ, ಅದು ಹಗಲು ಹೊತ್ತು ಮಾತ್ರ.

ಹಳೇ_ಮೇಷ್ಟ್ರು_76

ಮಕ್ಕಳೇ, ನಾನು ಎಪ್ಪತ್ತಾರು ವರ್ಷದವನು. ಸಾಗರದ ಹತ್ತಿರ ನಾನು, ನನ್ನ ಹೆಂಡತಿ ಇಬ್ಬರೇ. ನೀವು ಮಾತಾಡುತ್ತಿರುವ ಆ ಅಪ್ಪ ನಾನೇ ಅಂದುಕೊಳ್ಳಿ. ಓದಿ ಮನಸ್ಸು ತುಂಬಿ ಬಂತು.

ನನ್ನದು ಎರಡು ಮಾತು. ಏನು ಮಾಡಿದರೂ ನಮ್ಮನ್ನು ಕೂರಿಸಿಕೊಂಡು ಮಾಡಿ. ಮಗ ಆಪತ್ತಿಗೆ ಒತ್ತುವ ಗುಂಡಿ ಇರುವ ವಾಚು ಕಳಿಸಿದ. ನಾನು ಕಟ್ಟಲಿಲ್ಲ, ಮೇಜಿನ ಮೇಲೆ ಇದೆ. ಆದರೆ ಪಕ್ಕದ ಮನೆಗೆ ಕೇಳುವ ಹಾಗೆ ಹಾಸಿಗೆ ಹತ್ತಿರ ಒಂದು ಕರೆಗಂಟೆ ಬೇಕು ಅಂತ ನಾನೇ ಹೇಳಿ ಹಾಕಿಸಿಕೊಂಡೆ. ಅದನ್ನು ಬಳಸುತ್ತೇನೆ. ನಮಗೆ ಯಾವುದು ಬೇಕು ಅಂತ ಕೇಳಿದರೆ ನಾವು ಹೇಳುತ್ತೇವೆ.

ಎರಡನೆಯದು. ನಮ್ಮ ಕಡೆಯಿಂದ ನಿಮಗೆ ಫೋನ್ ಬರುವ ಚಿಂತೆ ನಿಮಗಿದೆ. ನಿಮ್ಮ ಹೆಸರು ಹೇಳಿಕೊಂಡು ನಮಗೆ ಬರುವ ಫೋನಿನ ಬಗ್ಗೆಯೂ ಯೋಚನೆ ಮಾಡಿ. ‘ನಿಮ್ಮ ಮಗನಿಗೆ ಆಕ್ಸಿಡೆಂಟ್ ಆಗಿದೆ, ಈಗಲೇ ದುಡ್ಡು ಹಾಕಿ’, ‘ನಿಮ್ಮ ಮಗನನ್ನು ಅರೆಸ್ಟ್ ಮಾಡಿದ್ದೇವೆ, ಯಾರಿಗೂ ಹೇಳಬೇಡಿ’ ಅಂತ ಕರೆ ಬರುತ್ತದೆ. ಮಕ್ಕಳು ದೂರ ಇದ್ದಾರೆ ಅಂತ ತಿಳಿದೇ ಮಾಡುತ್ತಾರೆ. ನಮ್ಮ ಮನೆಯಲ್ಲಿ ಒಂದು ಗುಟ್ಟಿನ ಮಾತು ಇಟ್ಟುಕೊಂಡಿದ್ದೇವೆ. ಅದು ಹೇಳದಿದ್ದರೆ ಯಾರೇ ಆಗಲಿ ಒಂದು ಪೈಸೆ ಕೊಡುವುದಿಲ್ಲ. ‘ಡಿಜಿಟಲ್ ಅರೆಸ್ಟ್’ ಅನ್ನುವುದು ಕಾನೂನಿನಲ್ಲೇ ಇಲ್ಲ. ದುಡ್ಡು ಹೋಗಿಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಈ ನಂಬರನ್ನು ಫೋನಿನ ಪಕ್ಕ ಗೋಡೆಗೆ ಅಂಟಿಸಿದ್ದೇನೆ.

ಬಿಳಿ_ಕೋಟು

ಮೇಷ್ಟ್ರೇ, ನಮಸ್ಕಾರ. ನೀವು ಬರೆದದ್ದು ನಮಗೆಲ್ಲ ದೊಡ್ಡ ಪಾಠ.

ಮೊದಲು ಬರೆಯಲು ಉಳಿದದ್ದು ಒಂದಿದೆ. ಮಳೆಗಾಲಕ್ಕೆ ಮೊದಲು ಒಂದು ತಿಂಗಳ ಮಾತ್ರೆ ಹೆಚ್ಚಿಗೆ ತಂದಿಡಿ. ರಸ್ತೆ ಬಂದ್ ಆದರೆ ಬಿಪಿ ಮಾತ್ರೆ ಸಿಗದೆಯೇ ತೊಂದರೆ ಆಗುವುದು ಜಾಸ್ತಿ. ಬಳಕೆಯಲ್ಲಿರುವ ಇನ್ಸುಲಿನ್ ಫ್ರಿಜ್ಜಿನ ಹೊರಗೆ ತಂಪು ಜಾಗದಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಇರುತ್ತದೆ. ನಿಮ್ಮದಕ್ಕೆ ಎಷ್ಟು ದಿನ ಅಂತ ಡಾಕ್ಟರನ್ನು ಕೇಳಿ. ಕರೆಂಟು ಹೋದಾಗ ಇನ್ನೂ ತೆರೆಯದ ಇನ್ಸುಲಿನ್ ಬಾಟಲಿಯನ್ನು ಡಬ್ಬಿಯಲ್ಲಿ ಮುಚ್ಚಿ, ನೀರು ತುಂಬಿದ ಮಣ್ಣಿನ ಮಡಕೆಯಲ್ಲಿ ಇಡಬಹುದು. ಆಕ್ಸಿಜನ್ ಕಾನ್ಸಂಟ್ರೇಟರ್ ಇರುವ ಮನೆಯಲ್ಲಿ ಕರೆಂಟು ಬೇಡದ ಸಿಲಿಂಡರ್ ಒಂದು ಇರಲೇಬೇಕು. ಲೈನ್‌ಮ್ಯಾನಿಗೂ, ಕರೆಂಟಿನ ಸಹಾಯವಾಣಿ 1912ಕ್ಕೂ ಆ ಮನೆಯ ವಿಷಯ ಹೇಳಿಡಿ.

ಹೊಸಮನೆ_ಪುಣೆ

ಎಲ್ಲರಿಗೂ ಕೈಮುಗಿದು ಧನ್ಯವಾದ. ಮುಂದಿನ ವಾರ ಊರಿಗೆ ಹೋಗುತ್ತಿದ್ದೇನೆ. ಮೊದಲು ಅಪ್ಪ, ಅಮ್ಮನ ಜೊತೆ ಕೂತು ಇದನ್ನೆಲ್ಲ ಓದಿ ಹೇಳುತ್ತೇನೆ. ಮೇಷ್ಟ್ರು ಹೇಳಿದ ಹಾಗೆ ಅವರಿಗೆ ಬೇಕಾದ್ದನ್ನು ಅವರೇ ಆರಿಸಲಿ. ಪಕ್ಕದ ಮನೆಯವರನ್ನು ಊಟಕ್ಕೆ ಕರೆದು, ಇದಕ್ಕೆಲ್ಲ ಅವರಿಗೆ ಒಪ್ಪಿಗೆ ಇದೆಯಾ ಅಂತ ಕೇಳಬೇಕು. ಕೀಲಿ ಕೊಡುವುದು ಆಮೇಲೆ. ಕಾಲುಸಂಕಕ್ಕೆ ಅಡಿಕೆ ಮರ ಕಡಿಸಲು ಹೇಳಿಯಾಗಿದೆ. ತೀರ್ಮಾನ ಹೇಳುವವನು ನಾನು, ನಾನು ಸಿಗದಿದ್ದರೆ ಶಿವಮೊಗ್ಗದ ಚಿಕ್ಕಪ್ಪ ಅಂತ ತಂಗಿಯ ಜೊತೆ ಮಾತಾಡಿ ಒಪ್ಪಿದ್ದೇವೆ.

ಇನ್ನೊಂದೇ ಪ್ರಶ್ನೆ. ಹೊರಡುವ ಹೊತ್ತಿಗೆ ಘಾಟಿ ತೆರೆದಿದೆಯಾ ಅಂತ ತಿಳಿಯುವುದು ಹೇಗೆ? ಸುದ್ದಿಯಲ್ಲಿ ಬರುವಷ್ಟರಲ್ಲಿ ತಡ ಆಗುತ್ತದೆ.

ಊರಲ್ಲೇ_ಇರೋನು

ಅಣ್ಣಾ, ಆಗುಂಬೆಯ ಕಡೆ ಮಳೆ ಜೋರಾಗಿದ್ದರೆ ನಾವು ಸುಮ್ನೆ ಹೊರಡುವುದಿಲ್ಲ. ಮೊದಲು ಆಗುಂಬೆ ಪೊಲೀಸ್ ಠಾಣೆಗೆ ಒಂದು ಫೋನ್ ಮಾಡುತ್ತೇವೆ. ಆ ದಾರಿಯ ಬಸ್ಸಿನ ಡ್ರೈವರ್, ಕಂಡಕ್ಟರುಗಳ ನಂಬರ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು, ಅವರು ಆಗಷ್ಟೇ ಹತ್ತಿ ಬಂದಿರುತ್ತಾರೆ. ಮಳೆ ಮುನ್ಸೂಚನೆಗೆ ರಾಜ್ಯದ ವರುಣ ಮಿತ್ರ ಸಹಾಯವಾಣಿ ಇದೆ, 92433 45433. ಹೋಬಳಿ ಹೆಸರು ಹೇಳಿದರೆ ಹೇಳುತ್ತಾರೆ. ಲಕ್ವ ಆದವರನ್ನು ಮಾತ್ರ ಘಾಟಿಯ ಅನುಮಾನ ಇರುವಾಗ ಆ ಕಡೆ ಕರೆದೊಯ್ಯಬೇಡಿ. ತೀರ್ಥಹಳ್ಳಿಯಿಂದ ಶಿವಮೊಗ್ಗ ಸುಮಾರು 60 ಕಿಲೋಮೀಟರ್, ಘಾಟಿ ಇಲ್ಲದ ದಾರಿ.

ಊರಿಗೆ ಬಂದಾಗ ನಿಮ್ಮ ಜೀಪಿನವನ ಹತ್ತಿರ ಒಂದು ಸಲ ರಾತ್ರಿ ಹೊತ್ತು ಮನೆವರೆಗೆ ಗಾಡಿ ಇಳಿಸಿ ನೋಡಲು ಹೇಳಿ. ಎಲ್ಲಿ ಗಾಡಿ ತಿರುಗಿಸಲು ಆಗುವುದಿಲ್ಲ ಅಂತ ಅವನಿಗೂ ಗೊತ್ತಾಗುತ್ತದೆ, ನಿಮಗೂ ಗೊತ್ತಾಗುತ್ತದೆ.